ಕೊರತೆ ಕಟ್ಟಿದ ಭಯ

ಚನ್ನಪಟ್ಟಣದ ಬಣ್ಣದ ಗೊಂಬೆಗಳಲ್ಲಿ ಬಹುಪಾಲಿಗೆ ಚೂಪಾದ ಅಂಗಾಂಗಗಳಿಲ್ಲ. ಆಲೆ ಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿಯನ್ನು ಒಡ್ಡಿದರೆ ದೊರೆಯುವುದು ದುಂಡು ಆಕೃತಿ. ಅದಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುತ್ತದೆ. ಉಪಕರಣದ ಈ ಮಿತಿಯನ್ನು ಅಲ್ಲಿನ ಕುಶಲಕರ್ಮಿಗಳು ಕೊರತೆಯೆಂದು ಬಗೆಯದೆ, ಆ ದುಂಡುತನದಲ್ಲಿಯೇ ಗೊಂಬೆಯ ಚೆಲುವನ್ನು ಕಂಡುಕೊಂಡರು. ಉಳಿದುದನ್ನು ಮಗುವಿನ ಕಲ್ಪನೆ ತುಂಬಿಕೊಂಡಿತು.

ಮಿತಿಯೇ ಗುಣವಾಗುವ ಈ ಸೋಜಿಗ ಮರದ ಗೊಂಬೆಗಳಿಗೆ ಮಾತ್ರ ಸೇರಿದ್ದಲ್ಲ. ದೂರದರ್ಶನದ ತೆರೆಯ ಮೇಲೆ ಆಡುವ ವಿಡಿಯೋ ಆಟಗಳಲ್ಲಿಯೂ ಉಂಟು. 1996ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಶಿಂಜಿ ಮಿಕಾಮಿಯವರ ನಿರ್ದೇಶನದಲ್ಲಿ ‘ರೆಸಿಡೆಂಟ್ ಈವಿಲ್’ ಎಂಬ ಆಟವನ್ನು ಹೊರತಂದಿತು. ಕಾಡಿನ ನಡುವಣ ಬಂಗಲೆಯೊಂದರಲ್ಲಿ ಸಿಕ್ಕಿಕೊಂಡವರು ನಡೆದಾಡುವ ಶವಗಳಿಂದ ಪಾರಾಗುವುದೇ ಅದರ ಕಥೆ. (ಎಳೆಯ ಮಕ್ಕಳಿಗೆ ತಕ್ಕ ಆಟ ಅದಲ್ಲ ಎಂಬುದನ್ನು ಒಪ್ಪಲೇಬೇಕು.) ಅದು ಓಡುತ್ತಿದ್ದುದು ಸೋನಿ ಸಂಸ್ಥೆಯ ಮೊದಲ ಪ್ಲೇಸ್ಟೇಷನ್ ಯಂತ್ರದಲ್ಲಿ. ಅದರ ಮುಖ್ಯ ಸ್ಮೃತಿಕೋಶ ಕೇವಲ 2 ಮೆಗಾಬೈಟ್. ಇಂದು ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೇ ಹಲವು ವೇಳೆ ಅದಕ್ಕಿಂತ ದೊಡ್ಡದು.

ಇಷ್ಟು ಬಡ ಯಂತ್ರದಲ್ಲಿ ಇಡೀ ಬಂಗಲೆಯನ್ನು ಸಜೀವವಾಗಿ ಕಟ್ಟುವುದು ಸಾಧ್ಯವಿರಲಿಲ್ಲ. ಆದುದರಿಂದ ಕೋಣೆಗಳನ್ನು ಮೊದಲೇ ರಚಿಸಿದ ನಿಶ್ಚಲ ಚಿತ್ರಗಳಾಗಿ ಇರಿಸಲಾಯಿತು. ನೋಟದ ಕೋನವೂ ನಿಶ್ಚಲವಾಯಿತು. ಪರಿಣಾಮವೇನು? ಓಣಿಯ ತಿರುವಿನಾಚೆ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ, ಬರುವವರು ಕಾಣಿಸುವುದಿಲ್ಲ. ಮುಂದಿನ ಕೋಣೆಯನ್ನು ಯಂತ್ರವು ತಟ್ಟೆಯಿಂದ ಓದಿಕೊಳ್ಳುವವರೆಗೆ ಕತ್ತಲೆಯ ನಡುವೆ ಬಾಗಿಲೊಂದು ಮೆಲ್ಲನೆ ತೆರೆದುಕೊಳ್ಳುತ್ತದೆ. ಕಾಯಿಸುವ ಅನಿವಾರ್ಯತೆ ಎದೆಬಡಿತವನ್ನೇ ಹೆಚ್ಚಿಸುವ ಉಪಾಯವಾಯಿತು. ಇದಕ್ಕೆ ಜೊತೆಯಾಗಿ ನಿರ್ಮಾಪಕರು ಬೇಕೆಂದೇ ತಂದ ಬಡತನವೂ ಇದೆ: ಗುಂಡುಗಳು ಎಣಿಕೆಯವು, ಆಟದ ಸ್ಥಿತಿಯನ್ನು ಉಳಿಸಿಡಬೇಕಾದರೆ ಬೆರಳಚ್ಚು ಯಂತ್ರವನ್ನು ಹುಡುಕಬೇಕು, ಅದಕ್ಕೆ ಶಾಯಿಯ ಪಟ್ಟಿಯೂ ಬೇಕು. ಉಳಿಸಿಡುವುದಕ್ಕೂ ಬೆಲೆ ತೆರಬೇಕಾದಾಗ ಪ್ರತಿಯೊಂದು ಹೆಜ್ಜೆಯೂ ಆಲೋಚನೆಯನ್ನು ಬೇಡುತ್ತದೆ.

ಹಳೆಯ ಯಂತ್ರದಲ್ಲಿ ಈ ಆಟವನ್ನು ಮತ್ತೆ ಆಡುವವರನ್ನು ಗತಕಾಲದ ಹುಚ್ಚಿನವರೆಂದು ಹಾಸ್ಯ ಮಾಡುವುದುಂಟು. ಹಾಸ್ಯಕ್ಕೆ ಕಾರಣಗಳಿಲ್ಲದೆ ಇಲ್ಲ. ಪಾತ್ರಗಳನ್ನು ನಡೆಸುವ ಕ್ರಮ ಎತ್ತಿನ ಗಾಡಿಯನ್ನು ಇಕ್ಕಟ್ಟಿನ ಬೀದಿಯಲ್ಲಿ ತಿರುಗಿಸಿದಂತೆ; ಇಂಗ್ಲಿಷ್ ಸಂಭಾಷಣೆಯಂತೂ ಭಯದ ನಡುವೆಯೂ ನಗೆ ತರಿಸುತ್ತದೆ. ಆದರೂ ಅವರು ಅರಸುವುದು ಬಾಲ್ಯದ ನೆನಪನ್ನಷ್ಟೇ ಅಲ್ಲ. ಈ ಸರಣಿಯ 1998ರ ಎರಡನೆಯ ಆಟವನ್ನು 2019ರಲ್ಲಿ ಹೊಸದಾಗಿ ನಿರ್ಮಿಸಿದಾಗ ನೋಟವು ಆಟಗಾರನ ಬೆನ್ನ ಹಿಂದೆಯೇ ಸಾಗಿತು, ಬಾಗಿಲುಗಳು ಕಾಯಿಸದೆ ತೆರೆದವು. ಅದು ಒಳ್ಳೆಯ ಆಟವೇ ಸರಿ. ಆದರೆ ಬೇರೆಯ ಆಟ. ಹೊಸದು ಬಂದಿತೆಂದು ಹಳೆಯದನ್ನು ಮೂಲೆಗೆಸೆದರೆ, ಕಾಣದುದರಿಂದ ಹುಟ್ಟುವ ಆ ವಿಶಿಷ್ಟ ಭಯವನ್ನು ಮುಂದಿನವರು ಅರಿಯುವ ಬಗೆ ಹೇಗೆ?

ಚನ್ನಪಟ್ಟಣದ ಬುಗುರಿ ಒಡೆದರೆ ಅಂಥದೇ ಇನ್ನೊಂದನ್ನು ಕಡೆದುಕೊಡುವ ಕೈಗಳು ಅಲ್ಲಿ ಇಂದಿಗೂ ಇವೆ. ಮೊದಲ ಪ್ಲೇಸ್ಟೇಷನ್ನಿನ ತಯಾರಿಕೆ 2006ರಲ್ಲಿಯೇ ನಿಂತಿತು. ಉಳಿದಿರುವ ಯಂತ್ರಗಳಲ್ಲಿ ತಟ್ಟೆಯನ್ನು ಓದುವ ಬೆಳಕಿನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿದೆ.