ಆ ‘ಆದರೆ’ ಯಾಕೆ?

ಅಣ್ಣನ ಮಗಳಿಗೆ ಹದಿನಾಲ್ಕು. ಹುಟ್ಟಿ ಬೆಳೆದದ್ದು ಪುಣೆ. ಗೆಳತಿಯರ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅವಳ ಕಿವಿಗೆ ಬೀಳುವುದು ಹೆಚ್ಚಾಗಿ ಭಾನುವಾರದ ವಿಡಿಯೊ ಕಾಲ್‌ನಲ್ಲಿ. ಕೆಲವು ವಾರ ನಾನೂ ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಊರಿನಿಂದ ಬಂದ ಮಾತುಗಳಲ್ಲಿ ಅರ್ಧಕ್ಕರ್ಧ ಮೈಯದೇ: ಸೊರಗಿದ್ದೀಯ, ಕಪ್ಪಗಾಗಿದ್ದೀಯ, ಮೊಡವೆಗೆ ಕಡಲೆಹಿಟ್ಟು ಹಚ್ಚು, ಇನ್ನೂ ಉದ್ದ ಬೆಳೆದರೆ ಗಂಡು ಎಲ್ಲಿ ಹುಡುಕೋದು. ಈಗ ಅವಳ ಕ್ಯಾಮೆರಾ ಫ್ಯಾನಿನ ಕಡೆ ತಿರುಗಿರುತ್ತದೆ.

ಒಮ್ಮೆ ಕೇಳಿದಳು: “ಅತ್ತೆ, ‘ಬಣ್ಣ ಕಡಿಮೆ, ಆದರೆ ಲಕ್ಷಣವಾಗಿದ್ದಾಳೆ’ ಅಂದ್ರಲ್ಲ, ಆ ‘ಆದರೆ’ ಯಾಕೆ?” ಅನುವಾದವೇ ನನ್ನ ಹೊಟ್ಟೆಪಾಡು. ‘ಲಕ್ಷಣ’ವನ್ನು ವಿವರಿಸಿ ‘ಆದರೆ’ಯನ್ನು ತೇಲಿಸಿಬಿಟ್ಟೆ. ಅವಳು ಅರ್ಥವಾಗದೆ ಕೇಳಿದ್ದಲ್ಲ. ನಮ್ಮ ಮಾತಿನಲ್ಲಿ ‘ಬಣ್ಣ’ ಅಂದರೇ ಬಿಳುಪು. ಕಪ್ಪು ಅಂದರೆ ಬಣ್ಣದ ಕೊರತೆ.

ಹುಡುಗಿಯರ ಆತ್ಮವಿಶ್ವಾಸ ಕುಗ್ಗಿದರೆ ನಾವು ಮೊಬೈಲನ್ನು ದೂರುತ್ತೇವೆ. ದೂರು ಸುಳ್ಳಲ್ಲ. ಫಿಜಿಯ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಮೈತುಂಬಿಕೊಂಡಿರುವುದೇ ಚೆಂದ ಅನ್ನುವ ಸೀಮೆ ಅದು. ಆನ್ ಬೆಕರ್ ಅನ್ನುವ ಸಂಶೋಧಕಿ ಆಗ ವಿಚಾರಿಸಿದಾಗ, ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದ ಶಾಲಾಬಾಲಕಿ ಒಬ್ಬಳೂ ಇರಲಿಲ್ಲ. 1998ರಲ್ಲಿ ಶೇ. 11.3 ಮಂದಿ ಹಾಗಂದರು. ಅಲ್ಲಿ ಪರದೆ ಮನೆಯವರ ಮಾತನ್ನು ಸೋಲಿಸಬೇಕಾಯಿತು. ನಮ್ಮಲ್ಲಿ, ಬಣ್ಣದ ವಿಷಯದಲ್ಲಂತೂ, ಸೋಲಿಸುವುದಕ್ಕೆ ಎದುರಾಳಿಯೇ ಇರಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕೂಡ ಮನೆಯಲ್ಲಿದ್ದ ಮಾತನ್ನೇ ಟ್ಯೂಬಿಗೆ ತುಂಬಿ ಮಾರಿತು. 2020ರಲ್ಲಿ ಕಂಪನಿ ಹೆಸರಿನಿಂದ ‘ಫೇರ್’ ಕಿತ್ತುಹಾಕಿತು. ನಮ್ಮ ‘ಕಡಿಮೆ’ ಇದ್ದಲ್ಲೇ ಇದೆ.

ಹಿರಿಯರದ್ದು ಪ್ರೀತಿಯೇ, ಒಪ್ಪುತ್ತೇನೆ. ‘ಸೊರಗಿದ್ದೀಯ’ ಅನ್ನುವುದು ‘ಊಟ ಆಯ್ತಾ’ ಅಂದ ಹಾಗೆ. ಆದರೆ ಊರಲ್ಲಿ ಬೆಳೆದ ನನಗೆ ಅದರ ಸುತ್ತ ಗಾದೆ, ಜಗಳ, ಚಾಡಿ, ಹರಟೆ ಎಲ್ಲ ಇತ್ತು. ಆ ಗದ್ದಲದಲ್ಲಿ ಎಷ್ಟೋ ಕರಗಿಹೋಗುತ್ತಿತ್ತು. ಇವಳ ಪಾಲಿಗೆ ಬಂದದ್ದು ವಾರಕ್ಕೆ ಇಪ್ಪತ್ತು ನಿಮಿಷದ ಕನ್ನಡ. ಅದು ಬರೀ ಮೈ ತೂಗುವ ಭಾಷೆಯಾದರೆ ಅವಳು ಅದನ್ನು ಯಾಕೆ ಇಟ್ಟುಕೊಳ್ಳಬೇಕು? ಮಕ್ಕಳು ಕನ್ನಡ ಬಿಡುತ್ತಿದ್ದಾರೆಂದು ರಾಜ್ಯೋತ್ಸವದಲ್ಲಿ ಕೊರಗುವ ನಾವು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಚೆಂದ ಇದ್ದೀಯ’ ಅನ್ನಿ ಅಂತಲೂ ನಾನು ಹೇಳುತ್ತಿಲ್ಲ. ಅದೂ ತೀರ್ಪೇ.

ಮೈ ಬಿಟ್ಟು ಬೇರೇನಾದರೂ ಕೇಳು ಅಂದೆ ಅಮ್ಮನಿಗೆ. “ಮತ್ತೇನು ಕೇಳಲಿ? ಅವಳ ಲೋಕ ನನಗೇನು ಗೊತ್ತು?” ಅಂದಳು. ಅದೂ ನಿಜವೇ. ಹೋದ ಭಾನುವಾರ ಮಾತ್ರ, “ಕಬಡ್ಡಿಯಲ್ಲಿ ನೀನು ಹಿಡಿಯೋಳೋ, ರೈಡ್ ಹೋಗೋಳೋ?” ಅಂತ ಕೇಳಿದಳು. ಕ್ಯಾಮೆರಾದಲ್ಲಿ ಫ್ಯಾನೇ ಕಾಣುತ್ತಿತ್ತು. ಮಾತು ಮಾತ್ರ ಅರ್ಧ ಗಂಟೆ ನಡೆಯಿತು.