ಖರ್ಜೂರದ ಕೃಷಿ: ಆಸೆಗಿಂತ ಲೆಕ್ಕ ಮುಂದಿರಲಿ



ಭಾನುವಾರದ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: "ಶೇಂಗಾ ಬಿಟ್ಟು ಖರ್ಜೂರ ಹಾಕಿದರೆ ಹೇಗೆ?" ಕೇಳುವವರನ್ನು ನಾವು ತಪ್ಪು ಎನ್ನುವುದಿಲ್ಲ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 550 ಮಿಲಿಮೀಟರ್ ಮಳೆ. ಅದೂ ಹೊತ್ತಿಗೆ ಸರಿಯಾಗಿ ಬಂದರೆ ಉಂಟು, ಇಲ್ಲದಿದ್ದರೆ ಶೇಂಗಾ ಬಳ್ಳಿ ದನಗಳ ಪಾಲು. ಹೀಗಿರುವಾಗ ಅನಂತಪುರದ ಕಡೆಯಲ್ಲೋ, ತಮಿಳುನಾಡಿನ ಧರ್ಮಪುರಿಯಲ್ಲೋ ಹಳದಿ ಗೊನೆಗಳು ಜೋತಾಡುವ ಖರ್ಜೂರದ ತೋಟವನ್ನು ಕಂಡು ಬಂದವರಿಗೆ ಆಸೆ ಹುಟ್ಟುವುದು ಸಹಜ.

ಖರ್ಜೂರ ನಮ್ಮ ಭೂಮಿಗೆ ಬರುತ್ತದೆ. ಆದರೆ ಸಾಲ ಮಾಡಿ ಎಕರೆಗಟ್ಟಲೆ ನೆಡುವ ಬೆಳೆ ಇದಲ್ಲ; ಮೊದಲು ಹತ್ತು ಮರ ನೆಟ್ಟು ನೋಡಬೇಕಾದ ಬೆಳೆ. ಇದು ನಮ್ಮ ಅಭಿಪ್ರಾಯ. ಏಕೆಂದರೆ ಖರ್ಜೂರದ ಬಗ್ಗೆ ನಮ್ಮ ಜನರಲ್ಲಿ ಎರಡು ನಂಬಿಕೆಗಳಿವೆ. ಎರಡೂ ಅರ್ಧ ಮಾತ್ರ ನಿಜ.

ಮೊದಲನೆಯದು, ಖರ್ಜೂರ ಮರುಭೂಮಿಯ ಮರ, ಅದಕ್ಕೆ ನೀರು ಬೇಡ ಎಂಬುದು. ಮರುಭೂಮಿಯಲ್ಲಿ ಖರ್ಜೂರ ಬೆಳೆಯುವುದು ಎಲ್ಲಿ? ಬುಗ್ಗೆಯ ಪಕ್ಕದಲ್ಲಿ, ಓಯಸಿಸ್‌ಗಳಲ್ಲಿ. ಪವಿತ್ರ ಗ್ರಂಥದಲ್ಲಿ ಖರ್ಜೂರದ ಊರೆಂದು ಹೆಸರಾದ ಜೆರಿಕೋ ಕೂಡ ಬುಗ್ಗೆಯ ನೀರಿರುವ ಊರು. ಈ ಮರಕ್ಕೆ ಕಾಲು ನೀರಿನಲ್ಲಿರಬೇಕು, ತಲೆ ಬೆಂಕಿಯಲ್ಲಿರಬೇಕು ಎಂದು ಅರಬರು ಹೇಳುತ್ತಾರೆ. ಬಿಸಿಲನ್ನೂ ಸವುಳು ನೀರನ್ನೂ ಅದು ತಾಳಿಕೊಳ್ಳುತ್ತದೆ. ನೀರಿಲ್ಲದಿದ್ದರೂ ಕೆಲವು ಕಾಲ ಬದುಕುತ್ತದೆ, ಆದರೆ ಫಲ ಕೊಡುವುದಿಲ್ಲ. ಬಲಿತ ಒಂದು ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ನೂರು ಲೀಟರಿಗೂ ಮೇಲೆ ನೀರು ಬೇಕು. 8 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 62 ಮರ. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ಪ್ರತಿದಿನ ಒಂದು ಟ್ಯಾಂಕರ್ ತುಂಬುವಷ್ಟು ನೀರು! ಆ ತಿಂಗಳುಗಳಲ್ಲಿ ನಿಮ್ಮ ಕೊಳವೆ ಬಾವಿ ಎಷ್ಟು ಹೊತ್ತು ನೀರೆತ್ತುತ್ತದೆ ಎಂಬುದನ್ನು ಸಸಿ ಮಾರುವವನು ಹೇಳುವುದಿಲ್ಲ. ಅದು ನಿಮಗೆ ಮಾತ್ರ ಗೊತ್ತು.

ಸಸಿಯ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲೇ ನಡೆದ ತಪ್ಪನ್ನು ಇಲ್ಲಿ ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಕ್ರಿಸ್ಮಸ್‌ಗೆ ತಂದ ಖರ್ಜೂರದ ಬೀಜಗಳನ್ನು ಬಾವಿಯ ಬದಿಯಲ್ಲಿ ಊರಿದೆವು. ಐದು ಗಿಡ ಉಳಿದವು. ಆರನೆಯ ವರ್ಷ ಹೊಂಬಾಳೆ ಒಡೆದಾಗ ನೋಡಿದರೆ ಮೂರು ಗಂಡು, ಎರಡು ಹೆಣ್ಣು. ಆ ಎರಡರ ಹಣ್ಣೂ ಬರೀ ಬೀಜ, ಮೇಲೆ ಒಂದಿಷ್ಟು ಒಗರು ಸಿಪ್ಪೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಹುಟ್ಟಿದವುಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ. ಹೆಣ್ಣಾದರೂ ತಾಯಿಯ ಗುಣ ಬರುವ ಭರವಸೆಯಿಲ್ಲ. ಯೆಹೂದ್ಯರ ಮಸಾದ ಕೋಟೆಯ ಅವಶೇಷದಲ್ಲಿ ಸಿಕ್ಕಿದ, ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು ವಿಜ್ಞಾನಿಗಳು 2005ರಲ್ಲಿ ಮೊಳೆಯಿಸಿ, ಅದಕ್ಕೆ ಮೆತೂಷೆಲಹ ಎಂದು ಹೆಸರಿಟ್ಟರು. ವರ್ಷಗಳ ನಂತರ ಅದು ಹೂ ಬಿಟ್ಟಾಗ ಗಂಡೆಂದು ತಿಳಿಯಿತು! ಆದ್ದರಿಂದ ಬೀಜದ ಗಿಡವನ್ನು ತೋಟಕ್ಕೆಂದು ಎಂದೂ ಕೊಳ್ಳಬೇಡಿ. ಒಳ್ಳೆಯ ತಾಯಿಮರದ ಬುಡದಲ್ಲಿ ಬಂದ ಕಂದನ್ನಾಗಲಿ, ಅಂಗಾಂಶ ಕೃಷಿಯ ಸಸಿಯನ್ನಾಗಲಿ ತಳಿಯ ಹೆಸರು ಬರೆದ ರಸೀದಿಯೊಡನೆ ತನ್ನಿ. ಅಂಗಾಂಶ ಕೃಷಿಯ ಸಸಿಗೆ ಸಾವಿರಗಟ್ಟಲೆ ಬೆಲೆ. ಎಕರೆಗೆ ಸಸಿಯ ಖರ್ಚೇ ಲಕ್ಷ ದಾಟುತ್ತದೆ. ಮೊದಲ ಫಲಕ್ಕೆ ಮೂರು ನಾಲ್ಕು ವರ್ಷ, ತುಂಬು ಫಸಲಿಗೆ ಎಂಟು ಹತ್ತು ವರ್ಷ ಕಾಯಬೇಕು. ಸಾಲದ ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಓಡುತ್ತದೆ.

ಮೂರನೆಯ ಲೆಕ್ಕ ಮಳೆಯದು. ಅಂಗಡಿಯಲ್ಲಿ ನಾವು ಕಾಣುವ ಮೆತ್ತನೆಯ ಕಂದು ಖರ್ಜೂರ ಮರದಲ್ಲೇ ಕಳಿತು ಆಗಬೇಕಾದದ್ದು. ಅದಕ್ಕೆ ಒಣ ಹವೆ ಬೇಕು. ನಮ್ಮಲ್ಲಿ ಹಣ್ಣು ಬಲಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮಳೆಗಾಲದಲ್ಲಿ. ಕಳಿತ ಹಣ್ಣಿಗೆ ಮಳೆ ಬಿದ್ದರೆ ಒಡೆದು, ಹುಳಿತು, ಬೂಷ್ಟು ಹಿಡಿಯುತ್ತದೆ. ಗುಜರಾತಿನ ಕಚ್ಛದ ರೈತರಿಗೂ ಇದೇ ತೊಂದರೆ. ಅವರು ಹಣ್ಣು ಕಳಿಯುವ ತನಕ ಕಾಯುವುದಿಲ್ಲ. ಬಣ್ಣ ತಿರುಗಿದ ದೋರೆಗಾಯಿಯನ್ನೇ ಕೊಯ್ದು 'ಖಾರೇಕ್' ಎಂದು ಮಾರುತ್ತಾರೆ. ಈ ಕಚ್ಛಿ ಖಾರೇಕ್‌ಗೆ 2024ರಲ್ಲಿ ಜಿ.ಐ. ಮಾನ್ಯತೆಯೂ ದೊರೆತಿದೆ. ನಾವು ಅನುಸರಿಸಬೇಕಾದ ದಾರಿಯೂ ಇದೇ. ಬರ್ಹಿ ತಳಿಯ ಹಳದಿ ದೋರೆಗಾಯಿ ಒಗರಿಲ್ಲದೆ ಗರಿಗರಿಯಾಗಿ ಸಿಹಿಯಾಗಿರುವುದರಿಂದ ಇದಕ್ಕೆ ಯೋಗ್ಯ. ಆದರೆ ಹಸಿ ಹಣ್ಣು ಹೆಚ್ಚು ದಿನ ಉಳಿಯದು, ಎಲ್ಲರದೂ ಒಂದೇ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಇಂದು ಬೆಳೆಯುವವರು ಕಡಿಮೆ, ಆದ್ದರಿಂದ ಬೆಲೆಯಿದೆ. ಊರಿಗೆ ಊರೇ ಬೆಳೆದರೆ ಏನಾದೀತು? ಟೊಮ್ಯಾಟೊ ರಸ್ತೆಗೆ ಸುರಿದ ದಿನಗಳನ್ನು ನಾವು ಮರೆಯಬಾರದು.

ಹತ್ತು ಮರದ ಲೆಕ್ಕವನ್ನು ಈಗ ನೋಡಿ. ಬಾವಿಯ ಬದಿಯಲ್ಲಿ ಒಂಬತ್ತು ಹೆಣ್ಣು, ಒಂದು ಗಂಡು. ಕೈಯಿಂದ ಪರಾಗ ಕೊಟ್ಟರೆ ಒಂದು ಗಂಡು ಮರ ನಲವತ್ತು ಹೆಣ್ಣು ಮರಗಳಿಗೂ ಸಾಕು. ಹೆಣ್ಣು ಹೊಂಬಾಳೆ ಒಡೆದ ಎರಡು ಮೂರು ದಿನದೊಳಗೆ ಗಂಡು ಹೂವಿನ ನಾಲ್ಕೈದು ಎಳೆಗಳನ್ನು ಅದರ ನಡುವೆ ತಲೆಕೆಳಗಾಗಿ ಇಟ್ಟು ಸಡಿಲವಾಗಿ ಕಟ್ಟಬೇಕು. ಈ ಕೆಲಸವನ್ನು ಗಾಳಿಗೆ ಬಿಟ್ಟರೆ ಕಾಯಿ ಕಚ್ಚುವುದು ಕಡಿಮೆ. ಗೊನೆಯಲ್ಲಿ ಕಾಯಿ ಕಿಕ್ಕಿರಿದಿದ್ದರೆ ಮೂರರಲ್ಲಿ ಒಂದು ಭಾಗವನ್ನು ತೆಗೆದುಹಾಕಿ. ತೆಂಗಿಗೆ ಬರುವ ಕೆಂಪು ಮೂತಿ ಹುಳವೇ ಖರ್ಜೂರಕ್ಕೂ ಶತ್ರು. ಕಾಂಡದಿಂದ ಕಂದು ರಸ ಸೋರುವುದು ಕಂಡರೆ ತಡಮಾಡಬೇಡಿ. ಹತ್ತು ಮರವಾದರೆ ಈ ಆರೈಕೆಯನ್ನು ಮನೆಯವರೇ ಮಾಡಬಹುದು, ಹಣ್ಣನ್ನು ಸಂತೆಯಲ್ಲೇ ಮಾರಬಹುದು. ಮಾರಾಟವಾಗದ್ದನ್ನು ಬಿಸಿನೀರಿನಲ್ಲಿ ಕೆಲವು ನಿಮಿಷ ಕುದಿಸಿ, ಚೆನ್ನಾಗಿ ಒಣಗಿಸಿದರೆ ಉತ್ತತ್ತಿಯಾಗುತ್ತದೆ. ಬಾಣಂತಿಯ ಅಂಟಿನುಂಡೆಗೆ ಪೇಟೆಯಿಂದ ತರುವ ಉತ್ತತ್ತಿ ಮನೆಯಲ್ಲೇ ಆದಂತಾಯಿತು.

ಬಾಣಂತಿಯ ಮಾತು ಬಂದಿದ್ದರಿಂದ ಎರಡನೆಯ ನಂಬಿಕೆಯನ್ನೂ ಹೇಳಬೇಕು: ಖರ್ಜೂರ ತಿಂದರೆ ರಕ್ತ ತುಂಬುತ್ತದೆ ಎಂಬುದು. ಖರ್ಜೂರ ಒಳ್ಳೆಯ ಆಹಾರವೇ. ಅದರ ಸಿಹಿ ದಣಿದ ದೇಹಕ್ಕೆ ಬೇಗ ಶಕ್ತಿ ಕೊಡುತ್ತದೆ, ನಾರು ಮಲಬದ್ಧತೆಯನ್ನು ನೀಗುತ್ತದೆ, ಪೊಟ್ಯಾಸಿಯಂ ಚೆನ್ನಾಗಿದೆ. ಆದರೆ 100 ಗ್ರಾಂ ಖರ್ಜೂರದಲ್ಲಿರುವ ಕಬ್ಬಿಣಾಂಶ ಸುಮಾರು 1 ಮಿಲಿಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿರುವಂತೆ ವಯಸ್ಕ ಹೆಣ್ಣಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ನಮ್ಮ ಹೊಲದ ಹುರುಳಿಯಲ್ಲೇ ಖರ್ಜೂರಕ್ಕಿಂತ ಹಲವು ಪಟ್ಟು ಹೆಚ್ಚು ಕಬ್ಬಿಣಾಂಶವಿದೆ. ರಕ್ತಹೀನತೆಯಿರುವ ಸೊಸೆಗೆ ನಾಲ್ಕು ಖರ್ಜೂರ ಕೊಟ್ಟು, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಗೂಡಿನಲ್ಲಿಡುವುದು ದೊಡ್ಡ ತಪ್ಪು. ಸಿಹಿಮೂತ್ರ ರೋಗವಿರುವವರು, ಹಣ್ಣಿನ ಸಕ್ಕರೆ ತಾನೇ ಎಂದು ಇದನ್ನು ಬೇಕಾದಷ್ಟು ತಿನ್ನಬಾರದು. ವೈದ್ಯರನ್ನು ಕೇಳಿ ಅಳತೆಯಲ್ಲಿ ತಿನ್ನಬೇಕು.

ಕೊನೆಯದಾಗಿ ಒಂದು ಮಾತು. ಖರ್ಜೂರದ ಸೋದರಿಯಾದ ಈಚಲು ಯಾರೂ ನೀರುಣಿಸದೆ ನಮ್ಮ ಹಳ್ಳದ ದಂಡೆಯಲ್ಲಿ ನಿಂತಿದೆ. ಹೆಂಡದ ಕೆಟ್ಟ ಹೆಸರು ಹೊತ್ತಿರುವ ಆ ಮರವೇ ನಮಗೆ ಚಾಪೆ, ಬುಟ್ಟಿ, ಪೊರಕೆ ಕೊಟ್ಟಿತು. ಗರಿಗಳ ಭಾನುವಾರ ಮಕ್ಕಳ ಕೈಗೆ ಗರಿ ಕೊಟ್ಟಿತು. ಅದರ ಬೇರು ಹಳ್ಳದ ಮಣ್ಣನ್ನು ಹಿಡಿದಿದೆ. ಹೊಸ ತೋಟಕ್ಕೆ ಜಾಗ ಮಾಡಲು ಅದನ್ನು ಕಡಿಯಬೇಡಿ.

ಆಸೆ ಇರುವವರು ಬರುವ ಬೇಸಿಗೆಯಲ್ಲಿ ಒಂದು ಕೆಲಸ ಮಾಡಿ. ಮೇ ತಿಂಗಳ ಒಂದು ವಾರ, ನಿಮ್ಮ ಬಾವಿ ದಿನಕ್ಕೆ ಎಷ್ಟು ನೀರು ಕೊಡುತ್ತದೆ ಎಂದು ಬಕೆಟ್ಟು, ಗಡಿಯಾರ ಹಿಡಿದು ಅಳೆಯಿರಿ. ಮನೆಗೆ, ದನಕ್ಕೆ, ಇರುವ ಬೆಳೆಗೆ ಬೇಕಾದದ್ದನ್ನು ಕಳೆಯಿರಿ. ಉಳಿದದ್ದನ್ನು ನೂರೈವತ್ತರಿಂದ ಭಾಗಿಸಿರಿ. ಬರುವ ಉತ್ತರವೇ ನೀವು ನೆಡಬಹುದಾದ ಖರ್ಜೂರದ ಮರಗಳ ಸಂಖ್ಯೆ. ಅದಕ್ಕಿಂತ ಒಂದನ್ನೂ ಹೆಚ್ಚು ನೆಡಬೇಡಿ.