ಮೆದುಳಿನೊಳಗೆ ದಾರಿ ತೋರಿಸೋ ಯಂತ್ರ, ಅಲ್ಲಿಗೆ ಹೋಗೋಕೆ ನಮಗೆಲ್ಲಿ ದಾರಿ?



ಮೆದುಳು, ಬೆನ್ನುಮೂಳೆ ಆಪರೇಷನ್‌ಗೆ ಈಗ ‘ನ್ಯಾವಿಗೇಷನ್’ ಅನ್ನೋ ಯಂತ್ರ ಇದೆ. ಮೊದಲೇ ತೆಗೆದ ಎಂಆರ್‌ಐ, ಸಿಟಿ ಚಿತ್ರಗಳನ್ನು ರೋಗಿಯ ದೇಹಕ್ಕೆ ತಾಳೆ ಹಾಕುತ್ತಾರೆ. ಡಾಕ್ಟರ ಕೈಯಲ್ಲಿರೋ ಉಪಕರಣದ ತುದಿ ಒಳಗೆ ಎಲ್ಲಿದೆ ಅಂತ ಪರದೆ ಮೇಲೆ ಕಾಣುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ಇದೆ. ಅದು ಸರ್ಕಾರಿ ಸಂಸ್ಥೆ, ನಮ್ಮ ತೆರಿಗೆ ದುಡ್ಡಿನದ್ದು.

ಇದೆಲ್ಲ ಶ್ರೀಮಂತರಿಗೆ ಅಂತ ನಮ್ಮವರೇ ಕೆಲವರು ಅಂತಾರೆ. ನಾನು ಒಪ್ಪಲ್ಲ. ಮೂಟೆ ಹೊತ್ತು ಬೆನ್ನು ಸವೆಯೋದು ಯಾರದ್ದು? ರಟ್ಟೆಯೇ ಬಂಡವಾಳ ಆದವರಿಗೆ ಒಂದು ನರಕ್ಕೆ ಪೆಟ್ಟಾದರೆ ಮನೆಯ ಒಲೆಯೇ ಆರುತ್ತೆ. ಕೈ ತಪ್ಪದ ಆಪರೇಷನ್ ಮೊದಲು ಬೇಕಿರೋದು ನಮಗೆ.

ಆದರೆ ಬಿಳಿಚೋಡಿನ ಕೂಲಿಯವರು ದಾವಣಗೆರೆಗೆ ಬಂದು, ಅಲ್ಲಿಂದ ಸುಮಾರು 260 ಕಿ.ಮೀ. ಬೆಂಗಳೂರಿಗೆ ಹೋಗಬೇಕು. ಆಯುಷ್ಮಾನ್ ಕಾರ್ಡ್‌ನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತಪ್ಪಿದ ಕೂಲಿ, ಜೊತೆಗೆ ಬಂದವರ ಊಟ, ತಂಗೋ ಖರ್ಚು ಯಾರು ಕೊಡ್ತಾರೆ? ಎಷ್ಟೋ ಜನ ನಿಲ್ಲೋದೇ ಇಲ್ಲಿ.

2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕ ಹಣ ಮೀಸಲಿಡಬೇಕು. ಆ ಹಣದಲ್ಲಿ ಪ್ರಯಾಣ, ವಸತಿ, ಕೂಲಿ ನಷ್ಟ ಭರಿಸಲಿ. ತಾಲ್ಲೂಕು ಕುಂದುಕೊರತೆ ಸಭೆಯಲ್ಲಿ ರಸ್ತೆ, ಚರಂಡಿ ಜೊತೆಗೆ ಇದನ್ನೂ ಬರೆದುಕೊಡೋಣ.